ಬೆಂಕಿಗಿಂತ ಮೊದಲು ಕಟ್ಟಡ ಓದಿದವನು: ಜೇಮ್ಸ್ ಬ್ರೇಡ್‌ವುಡ್



ಇಂಜಿನಿಯರ್ ಅಂದ ತಕ್ಷಣ ನಮಗೆ ಸರ್ ಎಂ. ವಿಶ್ವೇಶ್ವರಯ್ಯನವರು ನೆನಪಾಗ್ತಾರೆ. ಅಣೆಕಟ್ಟು, ಸೇತುವೆ, ಕಾರ್ಖಾನೆ ಕಟ್ಟಿದವರ ಹೆಸರು ನಮ್ಮ ಬಾಯಲ್ಲಿರುತ್ತೆ. ಆದರೆ ಕಟ್ಟಿದ್ದು ಸುಟ್ಟುಹೋಗದ ಹಾಗೆ ಕಾಯ್ದವರ ಒಂದು ಹೆಸರು ಹೇಳು ಅಂದ್ರೆ ತಲೆ ಕೆರ್ಕೋತೀವಿ. ಈ ಸಲ ಅಂಥ ಒಬ್ಬನ ಕಥೆ. ಹೆಸರು ಜೇಮ್ಸ್ ಬ್ರೇಡ್‌ವುಡ್. ಊರು ಸ್ಕಾಟ್ಲೆಂಡಿನ ಎಡಿನ್‌ಬರೋ. ಇವತ್ತು ಜಗತ್ತಿನ ಯಾವ ಫೈರ್ ಸ್ಟೇಷನ್ನಿಗೆ ಹೋದರೂ ಅಲ್ಲಿ ಈತ ಶುರುಮಾಡಿದ ಪದ್ಧತಿಗಳಲ್ಲಿ ಒಂದಾದರೂ ಕಣ್ಣಿಗೆ ಬೀಳುತ್ತೆ.

ಸ್ಕಾಟ್ಲೆಂಡಿನವನ ಕಥೆ ನಂದಗುಡಿಯಲ್ಲಿ ಕೂತು ಯಾಕೆ ಓದಬೇಕು ಅಂತ ಕೇಳಬಹುದು. ಕಾರಣ ಇದೆ. ನಮ್ಮ ಹೊಸಕೋಟೆ ತಾಲ್ಲೂಕಿನಲ್ಲಿ ಹಿಂದೆ ರಾಗಿ ಹೊಲ, ನೀಲಗಿರಿ ತೋಪು ಇದ್ದ ಕಡೆ ಈಗ ಗೋದಾಮುಗಳು ಎದ್ದಿವೆ. ನಾವು ಮೊಬೈಲಿನಲ್ಲಿ ಆರ್ಡರ್ ಮಾಡಿದ ವಸ್ತು ಮನೆ ಬಾಗಿಲಿಗೆ ಬರುವ ಮೊದಲು ಇಂಥ ಯಾವುದೋ ಗೋದಾಮಿನಲ್ಲಿ ಒಂದೆರಡು ದಿನ ಕೂತಿರುತ್ತೆ. ನಾಳೆ ಇವುಗಳಿಗೆ ಡ್ರಾಯಿಂಗ್ ಹಾಕೋರು, ವೈರಿಂಗ್ ಮಾಡಿಸೋರು, ಸೇಫ್ಟಿ ಆಫೀಸರ್ ಆಗೋರು ನಮ್ಮಲ್ಲೇ ಇದ್ದಾರೆ. ಬ್ರೇಡ್‌ವುಡ್ ಸತ್ತಿದ್ದು ಒಂದು ಗೋದಾಮಿನ ಬೆಂಕಿಯಲ್ಲಿ. ಆ ಬೆಂಕಿ ಹಬ್ಬೋದಕ್ಕೆ ಯಾವುದು ಕಾರಣ ಅಂತ ಆಮೇಲೆ ಗುರುತಿಸಿದರೋ, ಅದರ ಬಗ್ಗೆ ಆತ ಮೊದಲೇ ಎಚ್ಚರಿಕೆ ಕೊಟ್ಟಿದ್ದ.

ಬಡಗಿಯ ಮಗ

ಬ್ರೇಡ್‌ವುಡ್ ಹುಟ್ಟಿದ್ದು 1800ರಲ್ಲಿ. ಅಪ್ಪ ಫ್ರಾನ್ಸಿಸ್ ಬ್ರೇಡ್‌ವುಡ್, ಮೇಜು ಬೀರು ಮಾಡುವ ಬಡಗಿ. ತುಂಬಿದ ಮನೆ, ಈತ ಹತ್ತನೇ ಮಗು. ಊರಿನ ರಾಯಲ್ ಹೈಸ್ಕೂಲಿನಲ್ಲಿ ಓದು ಮುಗಿಸಿ ಅಪ್ಪನ ಕಸುಬಿನಲ್ಲೇ ಕೈ ಪಳಗಿಸಿಕೊಂಡ. ಜೊತೆಗೆ ಕಟ್ಟಡಗಳ ಸರ್ವೇಯರ್ ಕೆಲಸವನ್ನೂ ಕಲಿತ. ಮರದ ತೊಲೆ ಎಲ್ಲಿ ಗೋಡೆಯೊಳಗೆ ಕೂತಿರುತ್ತೆ, ಮೆಟ್ಟಿಲು ಯಾವುದರ ಮೇಲೆ ನಿಂತಿದೆ, ಯಾವ ಗೋಡೆ ಭಾರ ಹೊತ್ತಿದೆ, ಯಾವುದು ಬರೀ ಅಡ್ಡಗೋಡೆ ಅನ್ನೋದು ಆತನಿಗೆ ಚಿಕ್ಕ ವಯಸ್ಸಿಗೇ ಬಾಯಿಪಾಠ.

ಆ ಕಾಲದ ಹಳೆ ಎಡಿನ್‌ಬರೋ ಕಟ್ಟಡಗಳ ಕಾಡು. ಒಂದಕ್ಕೊಂದು ಅಂಟಿಕೊಂಡ ಎತ್ತರದ ಮನೆಗಳು, ಕೆಲವು ಹತ್ತು ಅಂತಸ್ತಿನವು. ಮಧ್ಯೆ ಇಬ್ಬರು ಎದುರುಬದುರಾದ್ರೆ ಪಕ್ಕಕ್ಕೆ ಸರಿಯಬೇಕಾದಂಥ ಸಂದಿಗಳು. ಬೆಂಕಿ ಬಿದ್ದರೆ ಇನ್ಶೂರೆನ್ಸ್ ಕಂಪನಿಗಳ ತಂಡಗಳು ತಮ್ಮ ತಮ್ಮ ಪಂಪು ಎಳ್ಕೊಂಡು ಬರೋವು. ತರಬೇತಿ ಇಲ್ಲ, ಹೊಂದಾಣಿಕೆ ಇಲ್ಲ. 1824ರಲ್ಲಿ ಊರಿನ ಆಡಳಿತವೂ ಕಂಪನಿಗಳೂ ಸೇರಿ ಒಂದೇ ದಳ ಕಟ್ಟೋಣ ಅಂತ ತೀರ್ಮಾನ ಮಾಡಿದವು. ಬ್ರಿಟನ್ನಿನಲ್ಲಿ ಪುರಸಭೆಯೊಂದು ಈ ರೀತಿ ದಳ ಕಟ್ಟಿದ್ದು ಅದೇ ಮೊದಲು ಅಂತಾರೆ. ಅದರ ಮುಖ್ಯಸ್ಥನಾಗಿ ಆರಿಸಿದ್ದು ಬ್ರೇಡ್‌ವುಡ್‌ನನ್ನು. ಆಗ ಆತನ ವಯಸ್ಸು 24. ನಮ್ಮ ಫೈನಲ್ ಇಯರ್ ಸೀನಿಯರ್‌ಗಳಿಗಿಂತ ಎರಡು ಮೂರು ವರ್ಷ ದೊಡ್ಡವನು, ಅಷ್ಟೇ.

ತಂಡಕ್ಕೆ ಆತ ಜನ ಆರಿಸಿದ ರೀತಿ ನೋಡಿ. ಹೆಂಚು ಹೊದಿಸೋರು, ಬಡಗಿಗಳು, ಗಾರೆ ಕೆಲಸದವರು, ಪ್ಲಂಬರ್‌ಗಳು. ಚಾವಣಿ ಮೇಲೆ ನಡೆಯೋಕೆ ಹೆಂಚಿನವನಿಗೆ ಭಯ ಇಲ್ಲ. ಯಾವ ಮರ ಕಡಿದ್ರೆ ಯಾವ ಭಾಗ ಕುಸಿಯುತ್ತೆ ಅಂತ ಬಡಗಿಗೆ ಗೊತ್ತು. ಗೋಡೆ ಬಿರುಕು ನೋಡಿ ಅದು ಇನ್ನೆಷ್ಟು ಹೊತ್ತು ನಿಲ್ಲುತ್ತೆ ಅಂತ ಗಾರೆಯವನು ಹೇಳಬಲ್ಲ. ಹಗ್ಗ ಏಣಿ ಹತ್ತಿ ಅಭ್ಯಾಸ ಇದ್ದ ಹಡಗಿನ ಕೆಲಸಗಾರರನ್ನೂ ಸೇರಿಸಿಕೊಂಡ. ಇಂದಿನ ಭಾಷೆಯಲ್ಲಿ ಅದೊಂದು ಮಲ್ಟಿಡಿಸಿಪ್ಲಿನರಿ ಟೀಮು.

ದಳ ಕಟ್ಟಿ ತಿಂಗಳೆರಡಾಗಿಲ್ಲ, ಊರಿಗೆ ಬೆಂಕಿ

1824ರ ನವೆಂಬರ್ 15ರ ರಾತ್ರಿ ಓಲ್ಡ್ ಅಸೆಂಬ್ಲಿ ಕ್ಲೋಸ್ ಅನ್ನೋ ಸಂದಿಯಲ್ಲಿ, ತಾಮ್ರದ ತಗಡಿನ ಮೇಲೆ ಚಿತ್ರ ಕೆತ್ತಿ ಅಚ್ಚು ಹಾಕುವ ಒಂದು ಕಾರ್ಯಾಗಾರದಲ್ಲಿ ಬೆಂಕಿ ಕಾಣಿಸಿತು. ಸಂದಿ ಎಷ್ಟು ಕಿರಿದು ಅಂದ್ರೆ ಪಂಪನ್ನು ಹತ್ತಿರ ತರೋದೇ ಕಷ್ಟ. ನೀರು ಸಿಗೋ ಹೊತ್ತಿಗೆ ಬೆಂಕಿ ಪಕ್ಕದ ಮನೆಗಳಿಗೆ ಹತ್ತಿತ್ತು.

ಮರುದಿನ ಇನ್ನೇನು ತಣ್ಣಗಾಯ್ತು ಅನ್ನುವಾಗ ಗಾಳಿ ಹೊತ್ತು ತಂದ ಕಿಡಿಗಳಿಂದ ಟ್ರಾನ್ ಕರ್ಕ್ ಅನ್ನೋ ಚರ್ಚಿನ ಮರದ ಗೋಪುರ ಹತ್ತಿಕೊಂಡಿತು. ಮೇಲೆ ಹೊದಿಸಿದ್ದ ಸೀಸ ಕರಗಿ ಮಳೆ ಹನಿಯ ಹಾಗೆ ಸುರೀತಾ ಇದ್ರೆ ಕೆಳಗೆ ನಿಲ್ಲೋದಾದ್ರೂ ಹೇಗೆ? ಅದೇ ರಾತ್ರಿ ಇನ್ನೊಂದು ಕಡೆಯೂ ಬೆಂಕಿ ಎದ್ದಿತು. ಎಲ್ಲಾ ಮುಗಿಯುವ ಹೊತ್ತಿಗೆ 13 ಜನ ಸತ್ತಿದ್ದರು, ನೂರಾರು ಸಂಸಾರಗಳು ಬೀದಿಗೆ ಬಿದ್ದಿದ್ದವು.

ಗಾಳಿ ಬೆಂಕಿಗೆ ಏನು ಮಾಡುತ್ತೆ ಅನ್ನೋದು ಹಳ್ಳಿಯಲ್ಲಿ ಬೆಳೆದವರಿಗೆ ಹೇಳಿಕೊಡಬೇಕಾಗಿಲ್ಲ. ಒಂದು ಹುಲ್ಲಿನ ಮೆದೆ ಹತ್ತಿಕೊಂಡ್ರೆ ಊರವರು ಮೊದಲು ಓಡೋದು ಗಾಳಿ ಬೀಸುವ ದಿಕ್ಕಿನಲ್ಲಿರೋ ಪಕ್ಕದ ಮೆದೆ ಹತ್ರಕ್ಕೆ. ಗಾಳಿ ಮೂರು ಕೆಲಸ ಒಟ್ಟಿಗೆ ಮಾಡುತ್ತೆ. ಉರಿಯುವ ಜಾಗಕ್ಕೆ ಹೊಸ ಆಮ್ಲಜನಕ ತರುತ್ತೆ. ಜ್ವಾಲೆಯನ್ನು ಬಗ್ಗಿಸಿ ಪಕ್ಕದ ವಸ್ತುವಿನ ಮೇಲೆ ಒರಗಿಸುತ್ತೆ. ಕಿಡಿಗಳನ್ನು ಹೊತ್ತು ಯಾರೂ ಕಾವಲಿಲ್ಲದ ದೂರದ ಚಾವಣಿ ಮೇಲೆ ಹಾಕುತ್ತೆ. ಟ್ರಾನ್ ಕರ್ಕಿನ ಗೋಪುರಕ್ಕೆ ಆಗಿದ್ದು ಈ ಮೂರನೆಯದು.

ಆ ದಿನಗಳಲ್ಲಿ ಇನ್ನೊಂದು ಎಡವಟ್ಟೂ ಆಗಿತ್ತು. ನ್ಯಾಯಾಧೀಶರು, ಕಂಪನಿಯವರು, ಸೇನೆಯವರು, ಊರ ಹಿರಿಯರು ಎಲ್ಲರೂ ಆಜ್ಞೆ ಕೊಡೋರೇ. ಒಬ್ಬರು ಇಲ್ಲಿ ನೀರು ಬಿಡು ಅಂದ್ರೆ ಇನ್ನೊಬ್ಬರು ಅಲ್ಲಿ ಬಿಡು ಅಂತಾರೆ. ಹುಡುಗ ಮುಖ್ಯಸ್ಥನ ಮಾತು ಕೇಳೋರು ಯಾರು? ದುರಂತ ಮುಗಿದ ಮೇಲೆ ಊರಿನವರು ಪಾಠ ಕಲಿತರು. ಬೆಂಕಿಯ ಜಾಗದಲ್ಲಿ ಆಜ್ಞೆ ಕೊಡುವ ಅಧಿಕಾರ ದಳದ ಮುಖ್ಯಸ್ಥನಿಗೆ ಮಾತ್ರ ಅಂತಾಯ್ತು. ಇವತ್ತು ಯಾವ ವಿಪತ್ತು ನಿರ್ವಹಣೆ ಪುಸ್ತಕ ತೆಗೆದರೂ ಈ ನಿಯಮ ಮೊದಲ ಅಧ್ಯಾಯದಲ್ಲೇ ಸಿಗುತ್ತೆ.

ಒಳಗೆ ಹೋಗು, ಬಾಗಿಲು ಮುಚ್ಚು

ಅದುವರೆಗೆ ಬೆಂಕಿ ಆರಿಸೋದು ಅಂದ್ರೆ ಬೀದಿಯಲ್ಲಿ ನಿಂತು ಕಿಟಕಿ ಕಡೆಗೆ ನೀರು ಎರಚೋದು. ಅರ್ಧ ನೀರು ಗೋಡೆಗೆ, ಇನ್ನರ್ಧ ಹೊಗೆಗೆ. ಬ್ರೇಡ್‌ವುಡ್ ಅದನ್ನು ತಲೆಕೆಳಗು ಮಾಡಿದ. ನೀರು ಉರಿಯುತ್ತಿರುವ ವಸ್ತುವಿಗೇ ತಾಗಬೇಕು, ಅದಕ್ಕಾಗಿ ಒಳಗೆ ಹೋಗಲೇಬೇಕು ಅನ್ನೋದು ಆತನ ಪಟ್ಟು. ಒಳಗೆ ಹೋಗೋದಕ್ಕೆ ವಿಧಾನ ಬೇಕಲ್ಲ? ಹೊಗೆ ಮೇಲೇರುತ್ತೆ, ಉಸಿರಾಡುವ ಗಾಳಿ ನೆಲಕ್ಕೆ ಹತ್ತಿರ ಉಳಿದಿರುತ್ತೆ, ಆದ್ದರಿಂದ ತೆವಳಿಕೊಂಡು ಹೋಗಬೇಕು. ಒಬ್ಬನೇ ಹೋಗಬಾರದು, ಜೊತೆಗೆ ಇನ್ನೊಬ್ಬ ಇರಲೇಬೇಕು. ನೀರು ಸಿದ್ಧವಾಗುವವರೆಗೆ ಬಾಗಿಲು ಕಿಟಕಿ ಮುಚ್ಚಿಟ್ಟು ಗಾಳಿಯನ್ನು ಹೊರಗೇ ತಡೀಬೇಕು.

ಈ ಕೊನೆಯ ನಿಯಮ ತುಂಬ ಸರಳ. ಎಂಥ ಬೆಂಕಿಯಾದರೂ ಅದಕ್ಕೆ ಗಾಳಿ ಬೇಕು. ಗಾಬರಿಯಲ್ಲಿ ಜನ ಬಾಗಿಲು ಕಿಟಕಿ ಒಡೆದು ತೆಗೀತಾರೆ, ಬೆಂಕಿಗೆ ಊಟ ಬಡಿಸಿದ ಹಾಗಾಗುತ್ತೆ. ಮುಚ್ಚಿದ ಬಾಗಿಲು ನಮಗೆ ಕೆಲವು ನಿಮಿಷ ಸಂಪಾದಿಸಿ ಕೊಡುತ್ತೆ. ಬ್ರೇಡ್‌ವುಡ್‌ನ ಇಡೀ ಜೀವನದ ತಿಳಿವಳಿಕೆ ಈ ಕೆಲವು ನಿಮಿಷಗಳ ಸುತ್ತಲೇ ತಿರುಗುತ್ತೆ.

ತಂಡಕ್ಕೆ ಕತ್ತಲೆ ಇರುವಾಗಲೇ ನಸುಕಿನಲ್ಲಿ ಕವಾಯತು ಮಾಡಿಸುತ್ತಿದ್ದ. ಬೆಂಕಿ ಬೀಳೋದು ಹೆಚ್ಚಾಗಿ ರಾತ್ರಿ, ಹಾಗಾಗಿ ಅಭ್ಯಾಸವೂ ಕತ್ತಲಲ್ಲೇ ಆಗಲಿ ಅಂತ. 1830ರಲ್ಲಿ ಪಂಪುಗಳ ರಚನೆ, ಅಗ್ನಿಶಾಮಕರ ತರಬೇತಿ, ಬೆಂಕಿ ಆರಿಸುವ ಕ್ರಮ ಎಲ್ಲವನ್ನೂ ಸೇರಿಸಿ ಒಂದು ಪುಸ್ತಕ ಬರೆದ. ಅದು ಬ್ರಿಟನ್ನಿನ ಬೇರೆ ಊರುಗಳಿಗೂ ಕೈಪಿಡಿ ಆಯ್ತು. ಆಗ ಆತನಿಗೆ ಮೂವತ್ತು ವರ್ಷ.

ಲಂಡನ್ನಿನ ದಳಪತಿ

1833ರ ಹೊಸ ವರ್ಷಕ್ಕೆ ಲಂಡನ್ನಿನ ಹತ್ತು ಇನ್ಶೂರೆನ್ಸ್ ಕಂಪನಿಗಳು ತಮ್ಮ ತಂಡಗಳನ್ನು ಒಂದುಗೂಡಿಸಿ ಲಂಡನ್ ಫೈರ್ ಎಂಜಿನ್ ಎಸ್ಟಾಬ್ಲಿಷ್‌ಮೆಂಟ್ ಅನ್ನೋ ದಳ ಶುರುಮಾಡಿದವು. ಅದರ ಮುಖ್ಯಸ್ಥನಾಗಿ ಬ್ರೇಡ್‌ವುಡ್ ಎಡಿನ್‌ಬರೋ ಬಿಟ್ಟು ಬಂದ. ಅಷ್ಟು ದೊಡ್ಡ ಊರಿಗೆ ಆತನ ಕೈಯಲ್ಲಿದ್ದದ್ದು 80 ಜನ, 13 ಠಾಣೆ. ಪಂಪು ಕೈಯಿಂದ ಒತ್ತುವಂಥದ್ದು. ದೊಡ್ಡ ಪಂಪಿಗೆ ಇಪ್ಪತ್ತಕ್ಕಿಂತ ಹೆಚ್ಚು ಜನ ಬೇಕು. ನೋಡಲು ಬಂದ ಜನರನ್ನೇ ಕರೆದು ಗಂಟೆಗಿಷ್ಟು ಅಂತ ಕೂಲಿ ಕೊಟ್ಟು, ಜೊತೆಗೆ ಬಿಯರ್ ಕುಡಿಸಿ ಪಂಪು ಒತ್ತಿಸೋರು. ಬಿಯರ್ ನಿಂತರೆ ಪಂಪೂ ನಿಲ್ಲೋದು!

1834ರ ಅಕ್ಟೋಬರ್ 16ರಂದು ಬ್ರಿಟಿಷ್ ಸಂಸತ್ ಭವನವೇ ಹೊತ್ತಿ ಉರಿಯಿತು. ಲೆಕ್ಕ ಇಡಲು ಹಿಂದೆ ಬಳಸುತ್ತಿದ್ದ ಗುರುತು ಕೊರೆದ ಮರದ ಕಡ್ಡಿಗಳನ್ನು ಒಲೆಯಲ್ಲಿ ಮಿತಿ ಮೀರಿ ಸುಟ್ಟಿದ್ದೇ ಕಾರಣ. ಆ ಕಟ್ಟಡಕ್ಕೆ ವಿಮೆಯೇ ಇರಲಿಲ್ಲ. ಕಂಪನಿಗಳ ದಳಕ್ಕೆ ಅಲ್ಲಿ ಹೋಗಬೇಕಾದ ಬಾಧ್ಯತೆಯೂ ಇರಲಿಲ್ಲ. ಬ್ರೇಡ್‌ವುಡ್ ಹೋದ. ಎಲ್ಲವನ್ನೂ ಉಳಿಸೋಕಾಗಲ್ಲ ಅಂತ ಬೇಗ ಅರ್ಥ ಮಾಡಿಕೊಂಡು, ಮಧ್ಯಯುಗದ ವೆಸ್ಟ್‌ಮಿನ್‌ಸ್ಟರ್ ಹಾಲ್ ಒಂದರ ಮೇಲೆ ಬಲವನ್ನೆಲ್ಲ ಹಾಕಿದ. ಹಾಲ್ ಉಳಿಯಿತು. ಇವತ್ತಿಗೂ ನಿಂತಿದೆ.

ಆತನಲ್ಲಿ ಕೊರತೆಗಳೂ ಇದ್ದವು. 1829ರ ಹೊತ್ತಿಗೇ ಲಂಡನ್ನಿನಲ್ಲಿ ಉಗಿಶಕ್ತಿಯ ಅಗ್ನಿಶಾಮಕ ಯಂತ್ರ ತಯಾರಾಗಿತ್ತು. ಬ್ರೇಡ್‌ವುಡ್ ಅದನ್ನು ಬಹಳ ವರ್ಷ ದೂರವೇ ಇಟ್ಟ. ಜೋರು ನೀರು ಕೈಗೆ ಸಿಕ್ಕರೆ ನಮ್ಮವರು ಮತ್ತೆ ಬೀದಿಯಲ್ಲೇ ನಿಂತು ಎರಚುವ ಹಳೆ ಚಾಳಿಗೆ ಹೋಗ್ತಾರೆ ಅನ್ನೋ ಅನುಮಾನ ಆತನಿಗೆ. ವಾದದಲ್ಲಿ ಹುರುಳಿತ್ತು, ಆದರೆ ಲಂಡನ್ನಿನ ಕಟ್ಟಡಗಳು ಬೆಳೆದ ವೇಗಕ್ಕೆ ಕೈಪಂಪು ಸಾಕಾಗ್ತಾ ಇರಲಿಲ್ಲ. 1860ರ ಸುಮಾರಿಗೆ ಒಂದು ಉಗಿಯಂತ್ರ ದಳಕ್ಕೆ ಬಂತು. ತಡವಾಗಿತ್ತು.

ಕಬ್ಬಿಣ ಸುಡಲ್ಲ, ಆದರೆ...

ಇನ್ನು ಸಿವಿಲ್, ಮೆಕ್ಯಾನಿಕಲ್‌ನವರಿಗೆ ರುಚಿಸುವ ಭಾಗ. ಥೇಮ್ಸ್ ನದಿ ದಂಡೆಯ ಗೋದಾಮುಗಳನ್ನು ಆಗ ಎರಕದ ಕಬ್ಬಿಣದ, ಅಂದ್ರೆ ಕಾಸ್ಟ್ ಐರನ್ನಿನ ಕಂಬ ತೊಲೆ ಹಾಕಿ ಕಟ್ಟಿ, ಬೆಂಕಿಗೆ ಜಗ್ಗದ ಕಟ್ಟಡ ಅಂತ ಹೆಸರಿಡುತ್ತಿದ್ದರು. ಮರ ಇಲ್ಲ, ಸುಡೋದು ಏನಿದೆ ಅನ್ನೋದು ಅವರ ತರ್ಕ. 1849ರಲ್ಲಿ ಬ್ರೇಡ್‌ವುಡ್ ಇನ್‌ಸ್ಟಿಟ್ಯೂಷನ್ ಆಫ್ ಸಿವಿಲ್ ಇಂಜಿನಿಯರ್ಸ್‌ನಲ್ಲಿ ಪ್ರಬಂಧ ಓದಿ ಆ ತರ್ಕವನ್ನು ಪ್ರಶ್ನಿಸಿದ. ಕಟ್ಟಡ ಸುಡದೇ ಇರಬಹುದು, ಒಳಗೆ ತುಂಬಿದ ಸರಕು ಸುಡುತ್ತೆ. ಆ ಕಾವಿಗೆ ಕಬ್ಬಿಣ ಬಲ ಕಳ್ಕೊಳ್ಳುತ್ತೆ. ಕೆಂಪಗೆ ಕಾದ ಎರಕದ ಕಂಬದ ಮೇಲೆ ತಣ್ಣೀರು ಬಿದ್ದರೆ ಸೀಳುತ್ತೆ. ಮರದ ತೊಲೆ ಮುರಿಯೋ ಮೊದಲು ಸದ್ದು ಮಾಡಿ ಎಚ್ಚರಿಸುತ್ತೆ, ಎರಕದ ಕಬ್ಬಿಣ ಎಚ್ಚರಿಕೆ ಕೊಡದೆ ಬೀಳುತ್ತೆ.

ನಾವೇ ಒಂದು ಲೆಕ್ಕ ಹಾಕೋಣ. 20 ಮೀಟರ್ ಉದ್ದದ ಉಕ್ಕಿನ ತೊಲೆ 500 ಡಿಗ್ರಿಯಷ್ಟು ಬಿಸಿಯೇರಿದರೆ ಎಷ್ಟು ಉದ್ದ ಆಗುತ್ತೆ? ವ್ಯಾಕೋಚನ ಗುಣಾಂಕ ಡಿಗ್ರಿಗೆ ಸುಮಾರು 0.000012. ಗುಣಿಸಿದ್ರೆ 0.12 ಮೀಟರ್, ಅಂದ್ರೆ 12 ಸೆಂಟಿಮೀಟರ್. ತೊಲೆ ಗೋಡೆಗೆ ಬಿಗಿಯಾಗಿ ಕೂತಿದ್ರೆ ಆ ಗೋಡೆಯನ್ನು ಹೊರಕ್ಕೆ ತಳ್ಳುತ್ತೆ. ಅದರ ಕೆಳಗೆ ನಿಂತವರ ಗತಿ?

ಬ್ರೇಡ್‌ವುಡ್ ಸೂಚಿಸಿದ ಪರಿಹಾರವೂ ಇತ್ತು. ಗೋದಾಮು ಎಷ್ಟೇ ದೊಡ್ಡದಿರಲಿ, ಒಳಗೆ ದಪ್ಪ ಗೋಡೆಗಳಿಂದ ಖಾನೆ ಖಾನೆಯಾಗಿ ಒಡೀಬೇಕು. ಗೋಡೆಯಲ್ಲಿ ದಾರಿ ಬೇಕಾದ ಕಡೆ ಕಬ್ಬಿಣದ ಬಾಗಿಲು ಇಟ್ಟು ಮುಚ್ಚಬೇಕು. ಆಗ ಬೆಂಕಿ ಒಂದು ಖಾನೆಯಲ್ಲೇ ಉಳಿಯುತ್ತೆ, ದಳ ಅದನ್ನು ಹಿಡಿಯಬಲ್ಲದು. 1855ರ ಲಂಡನ್ ಕಟ್ಟಡ ಕಾನೂನು ಗೋದಾಮಿನ ಒಂದು ಖಾನೆಗೆ 216,000 ಘನ ಅಡಿ ಅಂತ ಮಿತಿ ಹಾಕಿತು. ಉದ್ದ, ಅಗಲ, ಎತ್ತರ ತಲಾ 60 ಅಡಿ ಇಟ್ಟು ಗುಣಿಸಿ ನೋಡಿ, ಸರಿಯಾಗಿ ಅಷ್ಟೇ ಬರುತ್ತೆ.

ಟೂಲಿ ಸ್ಟ್ರೀಟ್, 22 ಜೂನ್ 1861

ಶನಿವಾರ ಸಂಜೆ. ಲಂಡನ್ ಬ್ರಿಡ್ಜ್ ಪಕ್ಕದ ಟೂಲಿ ಸ್ಟ್ರೀಟಿನ ಕಾಟನ್ಸ್ ವಾರ್ಫ್ ಗೋದಾಮಿನಲ್ಲಿ ಹೊಗೆ ಕಾಣಿಸಿತು. ಒಳಗೆ ಏನಿತ್ತು ಅಂದ್ರೆ ಏನಿರಲಿಲ್ಲ ಅಂತ ಕೇಳಬೇಕು. ನಾರು, ಹತ್ತಿ, ಸೆಣಬಿನ ಮೂಟೆ, ಸಕ್ಕರೆ, ಅಕ್ಕಿ, ಟೀ, ಮಸಾಲೆ, ಪೀಪಾಯಿಗಟ್ಟಲೆ ಪ್ರಾಣಿಕೊಬ್ಬು, ಜೊತೆಗೆ ಪೆಟ್ಲುಪ್ಪು. ಆ ಕಾಲದ ಸೆಣಬು ಬಂಗಾಳದಿಂದ ಹೋಗುತ್ತಿದ್ದದ್ದು. ನಾರಿನ ಮೂಟೆ ತಾನಾಗೇ ಬಿಸಿಯೇರಿ ಹೊತ್ತಿಕೊಂಡಿರಬೇಕು ಅಂತ ಆಗ ಅನುಮಾನ ಪಟ್ಟರು. ಹಸಿ ಹುಲ್ಲನ್ನು ಮೆದೆ ಹಾಕಬೇಡಿ ಅಂತ ನಮ್ಮ ಹಿರಿಯರು ಬೈಯೋದು ಇದಕ್ಕೇ. ತೇವ ಇರೋ ನಾರಿನ ರಾಶಿಯಲ್ಲಿ ಒಳಗಿನ ಶಾಖ ಹೊರಗೆ ಹೋಗಲಾಗದೆ ಏರ್ತಾ ಹೋಗುತ್ತೆ.

ಅಲ್ಲಿ ಖಾನೆಗಳ ನಡುವೆ ಕಬ್ಬಿಣದ ಬಾಗಿಲುಗಳಿದ್ದವು. ಬ್ರೇಡ್‌ವುಡ್ ಹೇಳುತ್ತಾ ಬಂದಿದ್ದ ಬಾಗಿಲುಗಳೇ. ಆದರೆ ಅವತ್ತು ಅವನ್ನು ಮುಚ್ಚಿರಲಿಲ್ಲ. ಬೆಂಕಿ ಒಂದು ಖಾನೆಯಿಂದ ಇನ್ನೊಂದಕ್ಕೆ ನಡೆದುಕೊಂಡೇ ಹೋಯಿತು.

ಆರು ಗಂಟೆ ಹೊತ್ತಿಗೆ ಹದಿನಾಲ್ಕು ಯಂತ್ರಗಳು ಬಂದು ನಿಂತಿದ್ದವು, ಅವುಗಳಲ್ಲಿ ಉಗಿಯದ್ದು ಒಂದೇ. ಥೇಮ್ಸ್‌ನಲ್ಲಿ ಇಳಿತದ ಸಮಯ, ನೀರು ಸಾಕಷ್ಟು ಸಿಗೋದೇ ತಡವಾಯ್ತು. ಕೊಬ್ಬು ಕರಗಿ ಉರಿಯುತ್ತಲೇ ನದಿಗೆ ಹರಿಯಿತು. ನೋಡಲು ಸಾವಿರಾರು ಜನ ಸೇರಿದರು. ಅರವತ್ತು ವರ್ಷದ ಬ್ರೇಡ್‌ವುಡ್ ಬೆಂಕಿಯ ಮಗ್ಗುಲಲ್ಲೇ ಓಡಾಡುತ್ತಾ, ಬಳಲಿದ ತನ್ನ ಹುಡುಗರನ್ನು ವಿಚಾರಿಸುತ್ತಾ ಇದ್ದ. ಏಳೂವರೆ ಸುಮಾರಿಗೆ ಒಂದು ಗೋದಾಮಿನ ಗೋಡೆ ಹೊರಕ್ಕೆ ಬಾಗಿ ಬಿತ್ತು. ಕೆಳಗಿದ್ದ ಬ್ರೇಡ್‌ವುಡ್ ಅಲ್ಲೇ ಪ್ರಾಣ ಬಿಟ್ಟ. ಅವಶೇಷ ಸರಿಸಿ ದೇಹ ತೆಗೆಯಲು ದಿನಗಳೇ ಬೇಕಾದವು. ಬೆಂಕಿ ಪೂರ್ತಿ ಆರಲು ಎರಡು ವಾರ ಹಿಡಿಯಿತು.

ಜೂನ್ 29ರಂದು ಅಂತಿಮಯಾತ್ರೆ. ಮೆರವಣಿಗೆ ಒಂದೂವರೆ ಮೈಲಿ ಉದ್ದ ಇತ್ತು ಅಂತ ದಾಖಲೆ. ಏಬ್ನಿ ಪಾರ್ಕ್ ಸ್ಮಶಾನದಲ್ಲಿ ಆತನನ್ನು ಮಣ್ಣು ಮಾಡಿದ್ದು ಮಲಮಗನ ಪಕ್ಕದಲ್ಲಿ. ಆ ಹುಡುಗನೂ ಅಗ್ನಿಶಾಮಕನಾಗಿದ್ದ, ಆರು ವರ್ಷ ಮೊದಲು ಇನ್ನೊಂದು ಬೆಂಕಿಯಲ್ಲಿ ಸತ್ತಿದ್ದ.

ಆಮೇಲೆ

ಸುಟ್ಟುಹೋದ ಸರಕಿನ ಬೆಲೆ ಆಗಿನ ಲೆಕ್ಕದಲ್ಲಿ ಸುಮಾರು 20 ಲಕ್ಷ ಪೌಂಡ್. ಕಂಪನಿಗಳು ವಿಮೆ ಕಂತು ಏರಿಸಿದವು, ಇನ್ನು ಲಂಡನ್ನಿನ ಬೆಂಕಿಯ ಹೊಣೆ ನಮ್ಮಿಂದ ಆಗಲ್ಲ ಅಂತ ಸರ್ಕಾರಕ್ಕೆ ಬರೆದವು. 1865ರಲ್ಲಿ ಕಾನೂನು ಬಂತು. 1866ರಿಂದ ಸಾರ್ವಜನಿಕ ಹಣದಲ್ಲಿ ನಡೆಯುವ ಮೆಟ್ರೋಪಾಲಿಟನ್ ಫೈರ್ ಬ್ರಿಗೇಡ್ ಶುರುವಾಯ್ತು. ಬ್ರೇಡ್‌ವುಡ್ ನಂತರ ಬಂದ ಐರ್ ಮ್ಯಾಸಿ ಶಾ ಅದರ ಮೊದಲ ಮುಖ್ಯಸ್ಥ. ಬೆಂಕಿ ಆರಿಸೋದು ವಿಮೆ ಕಂಪನಿಯ ವ್ಯಾಪಾರವಾಗಿದ್ದದ್ದು ಸಾರ್ವಜನಿಕರ ಹಕ್ಕಾಯ್ತು. ಎಡಿನ್‌ಬರೋದ ಪಾರ್ಲಿಮೆಂಟ್ ಸ್ಕ್ವೇರ್‌ನಲ್ಲಿ 2008ರಲ್ಲಿ ಆತನ ಪ್ರತಿಮೆ ನಿಲ್ಲಿಸಿದರು.

ನಮ್ಮ ದೇಶದಲ್ಲೂ ಇಂಥದ್ದೇ ಒಂದು ದಿನ ಇದೆ. 1944ರ ಏಪ್ರಿಲ್ 14ರಂದು ಬೊಂಬಾಯಿ ಬಂದರಿನಲ್ಲಿ ಫೋರ್ಟ್ ಸ್ಟೈಕಿನ್ ಅನ್ನೋ ಹಡಗಿಗೆ ಬೆಂಕಿ ಬಿತ್ತು. ಒಂದೇ ಹಡಗಿನಲ್ಲಿ ಹತ್ತಿ ಮೂಟೆಯೂ ಸುಮಾರು 1,400 ಟನ್ ಸ್ಫೋಟಕವೂ ಇತ್ತು. ಎರಡು ಸ್ಫೋಟಗಳಿಗೆ ಉರಿಯುವ ಹತ್ತಿ ಊರ ಮೇಲೆ ಸುರಿದು ಬಂದರಿನ ಗೋದಾಮುಗಳು ಹತ್ತಿಕೊಂಡವು. 66 ಅಗ್ನಿಶಾಮಕರು ಸತ್ತರು. ಪ್ರತಿ ವರ್ಷ ಏಪ್ರಿಲ್ 14ನ್ನು ಅಗ್ನಿಶಾಮಕ ಸೇವಾ ದಿನ ಅಂತ ಆಚರಿಸೋದು ಅವರ ನೆನಪಿಗೆ. 2023ರ ಅಕ್ಟೋಬರ್ 7ರಂದು ನಮ್ಮ ಪಕ್ಕದ ಅತ್ತಿಬೆಲೆಯ ಪಟಾಕಿ ಗೋದಾಮಿನ ಬೆಂಕಿಗೆ ಹತ್ತಾರು ಮನೆಗಳ ದೀಪ ಆರಿಹೋಯ್ತು. ಅಲ್ಲಿ ಕೆಲಸಕ್ಕೆ ಬಂದಿದ್ದ ಎಷ್ಟೋ ಜನ ನಮ್ಮ ವಯಸ್ಸಿನ ಹುಡುಗರು.

ಈಗಿನ ಗೋದಾಮುಗಳಲ್ಲಿ ಎರಕದ ಕಬ್ಬಿಣ ಇಲ್ಲ, ಉಕ್ಕಿನ ಫ್ರೇಮು, ಮೇಲೆ ತಗಡು. ಆದರೆ ಉಕ್ಕೂ 550ರಿಂದ 600 ಡಿಗ್ರಿ ಸೆಲ್ಸಿಯಸ್‌ಗೆ ಹೆಚ್ಚುಕಡಿಮೆ ಅರ್ಧ ಬಲ ಕಳ್ಕೊಳ್ಳುತ್ತೆ. ಸ್ಪ್ರಿಂಕ್ಲರ್ ಇದೆ, ಸೆನ್ಸರ್ ಇದೆ, ನ್ಯಾಷನಲ್ ಬಿಲ್ಡಿಂಗ್ ಕೋಡ್‌ನ ನಾಲ್ಕನೇ ಭಾಗ ಪೂರ್ತಿ ಇದಕ್ಕೇ ಮೀಸಲು. ಇಷ್ಟೆಲ್ಲ ಇದ್ದೂ ಸಾಮಾನು ಸಾಗಿಸೋಕೆ ಸಲೀಸು ಅಂತ ಫೈರ್ ಡೋರಿಗೆ ಯಾರೋ ಒಂದು ಇಟ್ಟಿಗೆ ಕೊಟ್ಟು ತೆರೆದೇ ಇಡ್ತಾರೆ. ಟೂಲಿ ಸ್ಟ್ರೀಟಿನಲ್ಲಿ ಆಗಿದ್ದೂ ಇಷ್ಟೇ.

ಮುಂದಿನ ಇಂಟರ್ನ್‌ಶಿಪ್ಪಿಗೆ ಗೋದಾಮಿಗೋ ಫ್ಯಾಕ್ಟರಿಗೋ ಹೋದಾಗ, ಅಥವಾ ನಮ್ಮ ಹಾಸ್ಟೆಲ್ಲಿನ ಮೆಟ್ಟಿಲ ಹತ್ರ ನಡೆಯುವಾಗಲೇ, ಅಂಥ ಇಟ್ಟಿಗೆ ಕಂಡ್ರೆ ಕಾಲಲ್ಲಿ ಪಕ್ಕಕ್ಕೆ ತಳ್ಳಿ ಬಾಗಿಲು ಮುಚ್ಚಿ ಬನ್ನಿ. ಯಾರಾದ್ರೂ ಯಾಕೆ ಅಂತ ಕೇಳಿದ್ರೆ ಬ್ರೇಡ್‌ವುಡ್ ಕಥೆ ಹೇಳಿ.